ಗಿಡ್ಡ ಮೈಗೆ ಬೇರೆಯೇ ಲೆಕ್ಕ

"ನನ್ನ ಎತ್ತರ 4 ಅಡಿ 9 ಇಂಚು ಅದರಿ. ತೂಕ 75ರ ಮ್ಯಾಲೇ ಅದ. ಹೊಟ್ಟಿ ಸಣ್ಣ ಮಾಡೋ ಆಪರೇಷನ್ ನನ್ನಂಥಾಕಿಗೂ ಮಾಡ್ತಾರೇನ್ರಿ ಅಕ್ಕಾರೆ?" ಯಾದಗಿರಿ, ಶಹಾಪುರ, ಸುರಪುರದ ಓದುಗರಿಂದ ಇಂಥ ಪ್ರಶ್ನೆ ಬರುವುದು ಈಗ ಮಾಮೂಲಿಯಾಗಿದೆ. ಕೇಳುವವರಲ್ಲಿ ಹೆಣ್ಣುಮಕ್ಕಳೇ ಹೆಚ್ಚು. ಅವರ ಗಂಡಂದಿರೂ ಕೇಳುತ್ತಾರೆ, ಆದರೆ ಆ ಪ್ರಶ್ನೆಯ ಧಾಟಿಯೇ ಬೇರೆ: "75 ಕೆಜಿಗೆಲ್ಲಾ ಯಾರರೆ ಆಪರೇಷನ್ ಮಾಡಿಸ್ಕೊಂತಾರೇನ್ರಿ? ನಾನೇ 80 ಅದೀನಿ, ನನಗೇನಾಗ್ಯದ?" ಇಬ್ಬರೂ ತಕ್ಕಡಿಯ ಮುಳ್ಳನ್ನಷ್ಟೇ ನೋಡುತ್ತಿದ್ದಾರೆ. ಆ ತೂಕವನ್ನು ಹೊತ್ತ ಮೈ ಎಷ್ಟು ಉದ್ದವಿದೆ ಎಂಬುದು ಇಬ್ಬರ ಲೆಕ್ಕಕ್ಕೂ ಬಂದಿಲ್ಲ.

ಬಿಎಂಐ ಎಂಬ ಮಾತನ್ನು ಎಲ್ಲರೂ ಕೇಳಿರುತ್ತೀರಿ. ಕೆಜಿಯಲ್ಲಿರುವ ತೂಕವನ್ನು ಮೀಟರಿನಲ್ಲಿರುವ ಎತ್ತರದ ವರ್ಗದಿಂದ ಭಾಗಿಸಿದರೆ ಸಿಗುವ ಸಂಖ್ಯೆ ಅದು. 4 ಅಡಿ 9 ಇಂಚು ಎಂದರೆ 145 ಸೆಂಟಿಮೀಟರ್. ಆ ಎತ್ತರದ ಹೆಂಗಸಿನ ತೂಕ 78 ಕೆಜಿ ಇದ್ದರೆ ಬಿಎಂಐ 37 ದಾಟುತ್ತದೆ. ಅದೇ 78 ಕೆಜಿಯನ್ನು 5 ಅಡಿ 9 ಇಂಚಿನ ಗಂಡಸಿನ ಮೇಲೆ ಹೊರಿಸಿ, ಬಿಎಂಐ ಇಪ್ಪತ್ತೈದೂವರೆ ಆದೀತು; ಸ್ವಲ್ಪ ಹೊಟ್ಟೆ ಬಂದಿದೆ ಎನ್ನಬಹುದು, ಅಷ್ಟೇ. ಅವನ ಬಿಎಂಐ ಆಕೆಯ ಮಟ್ಟಕ್ಕೆ ಏರಬೇಕಾದರೆ ಅವನು ಸುಮಾರು 114 ಕೆಜಿ ತೂಗಬೇಕು. 114 ಕೆಜಿಯ ಗಂಡಸು ಬಸ್‌ಸ್ಟ್ಯಾಂಡಿನಲ್ಲಿ ಕಂಡರೆ ನಾಲ್ಕು ಜನ ತಿರುಗಿ ನೋಡುತ್ತಾರೆ. 78 ಕೆಜಿಯ ಹೆಂಗಸಿಗೆ ಮಾತ್ರ "ಮೈ ಬಂದದ, ಛಂದ ಕಾಣ್ತಾಳ" ಎನ್ನುತ್ತಾರೆ. ಒಳಗೆ ಮೊಣಕಾಲಿಗೆ, ಹೃದಯಕ್ಕೆ, ಮೇದೋಜೀರಕ ಗ್ರಂಥಿಗೆ ಬೀಳುವ ಭಾರ ಇಬ್ಬರಿಗೂ ಹೆಚ್ಚುಕಡಿಮೆ ಒಂದೇ.

ಬಿಎಂಐ ಕೂಡ ಗಿಡ್ಡವರಿಗೆ ಸ್ವಲ್ಪ ರಿಯಾಯಿತಿ ತೋರಿಸುತ್ತದೆ ಎಂಬ ತಕರಾರು ಇದೆ. 2013ರಲ್ಲಿ ಆಕ್ಸ್‌ಫರ್ಡ್‌ನ ಗಣಿತಜ್ಞ ನಿಕ್ ಟ್ರೆಫೆಥೆನ್, ಎತ್ತರವನ್ನು ಬರೀ ವರ್ಗ ಮಾಡಿದರೆ ಸಾಲದು, ಎರಡೂವರೆಯ ಘಾತಕ್ಕೆ ಏರಿಸಬೇಕು ಎಂದು ಬೇರೊಂದು ಸೂತ್ರ ಮುಂದಿಟ್ಟರು. ಅದರ ಪ್ರಕಾರ ನಮ್ಮ 78 ಕೆಜಿಯ ಹೆಂಗಸಿನ ಸಂಖ್ಯೆ 37 ಅಲ್ಲ, 40. ವೈದ್ಯಲೋಕ ಆ ಸೂತ್ರವನ್ನು ರೂಢಿಗೆ ತರಲಿಲ್ಲ. ಯಾವ ಸೂತ್ರವೂ ಬೇಡ ಎನ್ನುವವರು ಮನೆಯಲ್ಲಿರುವ ಟೇಪು ಹಿಡಿಯಬಹುದು. ಸೊಂಟದ ಸುತ್ತಳತೆ ಎತ್ತರದ ಅರ್ಧದೊಳಗಿರಬೇಕು. 145 ಸೆಂಟಿಮೀಟರ್ ಎತ್ತರದವರಿಗೆ ಅದು ಎಪ್ಪತ್ತೆರಡೂವರೆ ಸೆಂಟಿಮೀಟರ್. ಹೆಂಗಸರಿಗೆ 80 ಎಂಬ ಸಾಮಾನ್ಯ ಮಿತಿ ಗಿಡ್ಡವರಿಗೆ ಸಡಿಲವಾಯಿತು ಎಂಬುದು ಇದರಿಂದಲೇ ಗೊತ್ತಾಗುತ್ತದೆ.

ಇಷ್ಟೆಲ್ಲ ಲೆಕ್ಕ ನನ್ನ ತಲೆಗೆ ಹತ್ತಿದ್ದು ಸುರಪುರದಲ್ಲಿರುವ ನನ್ನ ಸೋದರಮಾವನ ಮಗಳ ದೆಸೆಯಿಂದ. ಆಕೆ ಮನೆಯಲ್ಲೇ ಹೊಲಿಗೆ ಮಾಡುತ್ತಾಳೆ, ದಿನವೆಲ್ಲ ಮಷಿನ್ ಮುಂದೆ ಕೂತಿರುವವಳು. 145 ಸೆಂಟಿಮೀಟರ್, 78 ಕೆಜಿ ಆಕೆಯದೇ ಅಳತೆ. ನಾಲ್ವತ್ತಕ್ಕೇ ಶುಗರ್, ಬಿಪಿ ಎರಡೂ ಬಂದಿದ್ದವು. ಹೈದರಾಬಾದಿನ ಒಂದು ಆಸ್ಪತ್ರೆಯಲ್ಲಿ ಆಪರೇಷನ್ ಆಗಲಿ ಎಂದಾಗ ಅವಳತ್ತೆ, "ಎರಡ್ ಹಡದ ಮ್ಯಾಗ ಮೈ ಬರೂದೇ. ಅದಕ್ಕ ಯಾರರೆ ಹೊಟ್ಟಿ ಕೊಯ್ಸ್ಕೊಂತಾರೇನವ್ವ?" ಎಂದು ಬಾಗಿಲಲ್ಲೇ ಕೂತುಬಿಟ್ಟಿದ್ದರು. ಅತ್ತೆಯನ್ನು ಒಪ್ಪಿಸುವುದು ಅಂಥ ಕಷ್ಟವಾಗಲಿಲ್ಲ. ಕಷ್ಟವಾದದ್ದು ವಿಮೆ ಕಂಪನಿ.

ಮೊದಲ ಕೇಸ್‌ಪೇಪರಿನಲ್ಲಿ ಯಾರೋ ಆಕೆಯ ಎತ್ತರವನ್ನು ಕಣ್ಣಳತೆಯಲ್ಲೇ "5 ಅಡಿ" ಎಂದು ಬರೆದಿದ್ದರು. ನಮ್ಮ ಕಡೆ ಎತ್ತರ ಕೇಳಿದರೆ ಗಿಡ್ಡ ಹೆಂಗಸರೆಲ್ಲ "ಐದಡಿ ಇರಬೇಕ್ರಿ" ಎನ್ನುವುದೇ ವಾಡಿಕೆ. 5 ಅಡಿಗೆ 78 ಕೆಜಿ ಎಂದರೆ ಬಿಎಂಐ 33.6. ಭಾರತೀಯ ವಿಮಾ ನಿಯಂತ್ರಣ ಪ್ರಾಧಿಕಾರ 2019ರಲ್ಲಿ ಹೊರಡಿಸಿದ ನಿಯಮದಂತೆ, ಬೊಜ್ಜಿನ ಆಪರೇಷನ್ನಿಗೆ ಪಾಲಿಸಿಯಿಂದ ಹಣ ಸಿಗಬೇಕಾದರೆ ವಯಸ್ಸು 18 ದಾಟಿರಬೇಕು, ವೈದ್ಯರ ಸಲಹೆ ಇರಬೇಕು, ಬಿಎಂಐ 40 ಆಗಿರಬೇಕು. ಹತೋಟಿಗೆ ಬಾರದ ಮಧುಮೇಹ, ಹೃದ್ರೋಗ, ನಿದ್ದೆಯಲ್ಲಿ ಉಸಿರು ಕಟ್ಟುವ ತೀವ್ರ ತೊಂದರೆ ಇಂಥವು ಇದ್ದರೆ 35 ಸಾಕು. 33.6ಕ್ಕೆ ಅರ್ಜಿ ವಾಪಸು ಬಂತು. ಬರಿಗಾಲಲ್ಲಿ, ತುರುಬು ಬಿಚ್ಚಿಸಿ, ಗೋಡೆಗೆ ಬೆನ್ನು ಹಚ್ಚಿ ನಿಲ್ಲಿಸಿ ಮತ್ತೆ ಅಳೆಸಿದಾಗ 145 ಬಂತು, ಬಿಎಂಐ 37 ಆಯಿತು, ಅರ್ಜಿ ಪಾಸಾಯಿತು. ಎತ್ತರವನ್ನು ವರ್ಗ ಮಾಡುವುದರಿಂದ ಗಿಡ್ಡವರ ವಿಷಯದಲ್ಲಿ ಒಂದೊಂದು ಇಂಚೂ ಬಿಎಂಐಯನ್ನು ಒಂದಂಕಿಗಿಂತ ಹೆಚ್ಚು ಅಲುಗಾಡಿಸುತ್ತದೆ. ಆಪರೇಷನ್ನಿನ ಯೋಚನೆ ಇದ್ದವರು ಮೊದಲು ಎತ್ತರವನ್ನು ಸರಿಯಾಗಿ ಅಳೆಸಿಕೊಳ್ಳಿ. ಚಪ್ಪಲಿ ಮರ್ಯಾದೆಯಿಂದ ಹೊರಗಿರಲಿ.

ವಿಮೆಯವರ 40 ಮತ್ತು 35 ಎಂಬ ಗೆರೆಗಳು ಎಲ್ಲಿಂದ ಬಂದವು? 1991ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಕರೆದಿದ್ದ ತಜ್ಞರ ಸಭೆಯಿಂದ. ನಮ್ಮ ಜನರ ಮೈಯಲ್ಲಿ ಅದೇ ಬಿಎಂಐಗೆ ಕೊಬ್ಬು ಹೆಚ್ಚು, ಸ್ನಾಯು ಕಡಿಮೆ. ಆದ್ದರಿಂದ ಏಷ್ಯಾದವರಿಗೆ ಈ ಗೆರೆಗಳು 37.5 ಮತ್ತು 32.5 ಇರಬೇಕು ಎಂಬುದು ಇಲ್ಲಿನ ಶಸ್ತ್ರವೈದ್ಯರ ಹಳೆಯ ನಿಲುವು. 2022ರಲ್ಲಿ ಅಮೆರಿಕದ ಮತ್ತು ಅಂತರರಾಷ್ಟ್ರೀಯ ಬೊಜ್ಜು ಶಸ್ತ್ರಚಿಕಿತ್ಸಕರ ಸಂಘಗಳೇ ಹಳೆಯ ಗೆರೆಯನ್ನು ಅಳಿಸಿ, ಏಷ್ಯಾದವರಿಗೆ ಇಪ್ಪತ್ತೇಳೂವರೆಯಿಂದಲೇ ಈ ಚಿಕಿತ್ಸೆಯನ್ನು ಪರಿಗಣಿಸಬಹುದು ಎಂದವು. 145 ಸೆಂಟಿಮೀಟರ್ ಎತ್ತರಕ್ಕೆ ಅದು 58 ಕೆಜಿ! 58 ಕೆಜಿಗೆ ಯಾರೂ ಕತ್ತಿ ಹಿಡಿಯಬೇಕಾಗಿಲ್ಲ ಎನ್ನುವ ಪಕ್ಷ ನನ್ನದು. ಆದರೆ 70 ಕೆಜಿ ತೂಗುವ, ಶುಗರ್ ಹತೋಟಿಗೆ ಬಾರದ ಗಿಡ್ಡ ಹೆಂಗಸಿಗೆ ವೈದ್ಯರು ಮಾಡಿಸಿ ಎನ್ನುತ್ತಾರೆ, ವಿಮೆಯವರು ಇನ್ನೂ 4 ಕೆಜಿ ಏರಿಸಿಕೊಂಡು ಬಾ ಎಂದಂತೆ ಆಡುತ್ತಾರೆ. ಇದಂತೂ ಸರಿಯಲ್ಲ.

ನಮ್ಮ ಜಿಲ್ಲೆಯಲ್ಲೇ ಈ ಪ್ರಶ್ನೆ ಯಾಕೆ ಇಷ್ಟು ಏಳುತ್ತದೆ ಎಂಬುದಕ್ಕೆ ಒಂದು ಹಿನ್ನೆಲೆ ಇದೆ. 2009ರ ಕೊನೆಗೆ ಕಲಬುರಗಿಯಿಂದ ಬೇರೆಯಾದ ಯಾದಗಿರಿ ಜಿಲ್ಲೆ, ಮಕ್ಕಳ ಕುಂಠಿತ ಬೆಳವಣಿಗೆಯಲ್ಲಿ ರಾಜ್ಯಕ್ಕೇ ಮುಂದಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಇಲ್ಲಿನ 5 ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚಿನವರು ವಯಸ್ಸಿಗೆ ತಕ್ಕ ಎತ್ತರ ಬೆಳೆದಿರಲಿಲ್ಲ. ರಾಜ್ಯದ ಸರಾಸರಿ ಶೇ 35ರ ಆಸುಪಾಸು. 2021ರ ಡಿಸೆಂಬರಿನಲ್ಲಿ ಶಾಲೆಯ ಬಿಸಿಯೂಟದ ಜೊತೆ ಮೊಟ್ಟೆ ಕೊಡಲು ಸರಕಾರ ಆರಿಸಿದ ಮೊದಲ ಜಿಲ್ಲೆಗಳಲ್ಲಿ ಯಾದಗಿರಿಯೂ ಇದ್ದದ್ದು ಸುಮ್ಮನೆ ಅಲ್ಲ. ಗಿಡ್ಡತನ ಮನೆತನದಿಂದ ಬಂದದ್ದು, ಅಪ್ಪ ಗಿಡ್ಡ, ಅವ್ವ ಗಿಡ್ಡ ಎಂದು ನಾವು ಹೇಳಿಕೊಳ್ಳುತ್ತೇವೆ. ಬಹಳ ಮನೆಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಬಂದದ್ದು ಹಸಿವು. ನಾಲ್ಕಡಿ ಹತ್ತು ಇಂಚಿನ ನಾನೂ ಅದೇ ಪಾಲಿನವಳೇ ಇರಬೇಕು.

ಹೊಟ್ಟೆಗಿಲ್ಲದೆ ಗಿಡ್ಡಾದ ಮೈ ಮುಂದೆ ಹೊಟ್ಟೆತುಂಬ ಉಂಡಾಗ ಏನಾಗುತ್ತದೆ ಎಂಬುದರ ಒಳ್ಳೆಯ ಅಧ್ಯಯನ ನಡೆದದ್ದು ನಮ್ಮ ರಾಜ್ಯದಲ್ಲೇ. ಮೈಸೂರಿನ ಹೋಲ್ಡ್ಸ್‌ವರ್ತ್ ಮಿಷನ್ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ಬರೆದಿಟ್ಟಿದ್ದರು. 1990ರ ದಶಕದಲ್ಲಿ ಇಂಗ್ಲೆಂಡಿನ ಡೇವಿಡ್ ಬಾರ್ಕರ್, ಕ್ಯಾರೊಲಿನ್ ಫಾಲ್ ಮತ್ತು ಇಲ್ಲಿನ ವೈದ್ಯರು ಆ ದಫ್ತರ ಹಿಡಿದು, ಆ ಕೂಸುಗಳು ದೊಡ್ಡವರಾಗಿ ಹೇಗಿದ್ದಾರೆ ಎಂದು ಹುಡುಕಿದರು. ಹುಟ್ಟುವಾಗ ತೂಕ, ಉದ್ದ ಕಡಿಮೆಯಿದ್ದವರಲ್ಲಿ ಹೃದ್ರೋಗ ಹೆಚ್ಚು ಕಂಡಿತು; ಗಿಡ್ಡವಾಗಿ, ಉದ್ದಕ್ಕೆ ಹೋಲಿಸಿದರೆ ದುಂಡಗೆ ಹುಟ್ಟಿದವರಲ್ಲಿ ಮಧುಮೇಹ ಹೆಚ್ಚು ಕಂಡಿತು. ಗರ್ಭದಲ್ಲಿ, ಎಳವೆಯಲ್ಲಿ ಬರ ಕಂಡ ದೇಹ ಬರಗಾಲಕ್ಕೇ ಒಗ್ಗಿಕೊಳ್ಳುತ್ತದೆ. ನಂತರ ಸುಗ್ಗಿ ಬಂದರೆ ಅದನ್ನು ಕೊಬ್ಬಾಗಿ ನಡುವಿನಲ್ಲಿ ಕೂಡಿಡುತ್ತದೆ. ಶಹಾಪುರ, ಸುರಪುರಕ್ಕೆ ಸುಗ್ಗಿ ಬಂದದ್ದು ನಾರಾಯಣಪುರದ ಬಸವಸಾಗರದ ಕಾಲುವೆಯಿಂದ. ಬಿಳಿಜೋಳದ ಹೊಲಗಳು ಭತ್ತದ ಗದ್ದೆಗಳಾದವು, ಕೂಲಿಯ ಕೆಲಸಕ್ಕೆ ಟ್ರ್ಯಾಕ್ಟರ್ ಬಂತು, ಎರಡು ಹೊತ್ತು ಅನ್ನವಾಯಿತು, ಸಂಜೆಗೆ ಮಿರ್ಚಿ ಭಜಿ ಬಂತು. ಯಾರೂ ತಪ್ಪು ಮಾಡಿದ್ದಲ್ಲ. ಆದರೆ ಒಂದೇ ಮನೆಯಲ್ಲಿ ಬೆಳೆಯದ ಮೊಮ್ಮಗ, ಬೊಜ್ಜು ಬಂದ ಅಜ್ಜಿ ಇಬ್ಬರೂ ಇರುವುದಕ್ಕೆ ಕಾರಣ ಇದೇ.

ಇಲ್ಲಿ ಇನ್ನೊಂದು ಬಗೆಯ ಗಿಡ್ಡತನವನ್ನು ಬೇರೆ ಇಟ್ಟು ನೋಡಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಕುಬ್ಜತೆಯನ್ನು 21 ಅಂಗವೈಕಲ್ಯಗಳಲ್ಲಿ ಒಂದೆಂದು ಎಣಿಸುತ್ತದೆ. ವೈದ್ಯಕೀಯ ಅಥವಾ ವಂಶವಾಹಿ ಕಾರಣದಿಂದ ವಯಸ್ಕರ ಎತ್ತರ 147 ಸೆಂಟಿಮೀಟರ್ ಅಥವಾ ಅದಕ್ಕಿಂತ ಕಡಿಮೆ ಇರಬೇಕು. ಇದರಲ್ಲಿ ಹೆಚ್ಚು ಕಾಣುವ ಅಕಾಂಡ್ರೊಪ್ಲೇಸಿಯಾದಲ್ಲಿ ಮುಂಡ ಸಾಧಾರಣ ಅಳತೆಯದೇ ಇದ್ದು ಕೈಕಾಲು ಮಾತ್ರ ಗಿಡ್ಡ. ಅಂಥವರಿಗೆ ಮೇಲೆ ಹೇಳಿದ ಬಿಎಂಐ ಲೆಕ್ಕ ಹೊಂದುವುದೇ ಇಲ್ಲ, ಸಣ್ಣ ಮೈಕಟ್ಟಿನವರಿಗೂ ಸಂಖ್ಯೆ ಹೆಚ್ಚು ತೋರಿಸುತ್ತದೆ. ಹಾಗಂತ ಅವರಿಗೆ ಬೊಜ್ಜು ಬರುವುದಿಲ್ಲ ಎಂದಲ್ಲ, ಬರುತ್ತದೆ. ಮೊದಲೇ ಇಕ್ಕಟ್ಟಾಗಿರುವ ಬೆನ್ನುಹುರಿಯ ದಾರಿಗೆ ಆ ಭಾರ ಇನ್ನೂ ಕೆಟ್ಟದ್ದು. ಅರಿವಳಿಕೆ ಕೊಡುವಾಗ ಅವರ ಕುತ್ತಿಗೆಯನ್ನು ಸುಮ್ಮನೆ ಹಿಂದಕ್ಕೆ ಬಾಗಿಸುವಂತಿಲ್ಲ. ಇಂಥವರು ಎಲುಬು-ಕೀಲಿನ ವೈದ್ಯರೂ ಅನುಭವಸ್ಥ ಅರಿವಳಿಕೆ ತಜ್ಞರೂ ಒಂದೇ ಕಡೆ ಇರುವ ದೊಡ್ಡ ಆಸ್ಪತ್ರೆಗೇ ಹೋಗಬೇಕು.

ಆಪರೇಷನ್ ಎಂದರೆ ಕೊಬ್ಬು ಹೀರಿ ತೆಗೆಯುವುದು ಎಂದು ಬಹಳ ಜನ ತಿಳಿದಿದ್ದಾರೆ. 2022ರ ಮೇ ತಿಂಗಳಲ್ಲಿ ಕಿರುತೆರೆ ನಟಿ ಚೇತನಾ ರಾಜ್ 21ನೇ ವಯಸ್ಸಿಗೇ ಬೆಂಗಳೂರಿನಲ್ಲಿ ತೀರಿಕೊಂಡಾಗಿನಿಂದ ಈ ಹೆದರಿಕೆ ಹೆಚ್ಚಿದೆ. ಅವರು ಮಾಡಿಸಿಕೊಂಡದ್ದು ಚೆಂದಕ್ಕಾಗಿ ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆ. ನಾನು ಹೇಳುತ್ತಿರುವುದು ಜಠರದ ಆಪರೇಷನ್. ಇದರಲ್ಲಿ ಚರ್ಮದಡಿಯ ಕೊಬ್ಬನ್ನು ಮುಟ್ಟುವುದೇ ಇಲ್ಲ. ಹೊಟ್ಟೆಯ ಮೇಲೆ ನಾಲ್ಕೈದು ಸಣ್ಣ ತೂತು ಹಾಕಿ, ದೂರ್ಬೀನಿನಿಂದ ನೋಡುತ್ತ ಜಠರದ ಮುಕ್ಕಾಲು ಭಾಗವನ್ನು ಉದ್ದಕ್ಕೆ ಕತ್ತರಿಸಿ ತೆಗೆಯುತ್ತಾರೆ. ಉಳಿಯುವುದು ಬಾಳೆಕಾಯಿಯಂಥ ಒಂದು ಕೊಳವೆ. ಸ್ಲೀವ್ ಎನ್ನುವುದು ಇದಕ್ಕೇ. ಹಸಿವೆಯ ಹಾರ್ಮೋನು ಗ್ರೆಲಿನ್ ಹೆಚ್ಚಾಗಿ ತಯಾರಾಗುವುದು ಕತ್ತರಿಸಿದ ಭಾಗದಲ್ಲೇ ಆದ್ದರಿಂದ ಹಸಿವೂ ಇಳಿಯುತ್ತದೆ. ಬೈಪಾಸ್‌ನಲ್ಲಿ ಜಠರವನ್ನು ಪುಟ್ಟದು ಮಾಡಿ, ಸಣ್ಣಕರುಳಿನ ಮೊದಲ ಭಾಗವನ್ನು ಬಿಟ್ಟು ಮುಂದಿನ ಭಾಗಕ್ಕೆ ಜೋಡಿಸುತ್ತಾರೆ. ಅನುಭವಿಗಳ ಕೈಯಲ್ಲಿ ಸಾವಿನ ಅಪಾಯ ಸಾವಿರಕ್ಕೆ ಒಂದರ ಆಸುಪಾಸು, ಪಿತ್ತಕೋಶದ ಆಪರೇಷನ್ನಿನಷ್ಟೇ.

ಗಿಡ್ಡವರಿಗೆ ಇಲ್ಲಿ ಕೇಳಲೇಬೇಕಾದ ಪ್ರಶ್ನೆ ಒಂದಿದೆ. ಸಣ್ಣಕರುಳಿನ ಉದ್ದ ಎಲ್ಲರಿಗೂ ಒಂದೇ ಅಲ್ಲ. ಕೆಲವರಲ್ಲಿ 3–4 ಮೀಟರ್, ಕೆಲವರಲ್ಲಿ 8 ಮೀಟರ್. ಎತ್ತರ ಕಡಿಮೆಯಾದಂತೆ ಕರುಳೂ ಗಿಡ್ಡವಿರುವ ಸಂಭವ ಹೆಚ್ಚು. ಎಲ್ಲರಿಗೂ ಒಂದೇ ಎಂದು 2 ಮೀಟರ್ ಕರುಳನ್ನು ಬಿಟ್ಟು ಜೋಡಿಸಿದರೆ, 7 ಮೀಟರ್ ಇದ್ದವರಿಗೆ ಉಳಿಯುವುದು 5, 4 ಮೀಟರ್ ಇದ್ದವರಿಗೆ ಉಳಿಯುವುದು ಬರೀ 2. ಅವರಿಗೆ ಉಂಡದ್ದು ಮೈಗೆ ಹತ್ತದೆ ಪ್ರೋಟೀನ್ ಕೊರತೆಯಾಗಿ ಕಾಲು ಬಾತುಕೊಳ್ಳಬಹುದು. ಬೈಪಾಸ್ ಮಾಡಿಸುವವರು, "ಡಾಕ್ಟ್ರೇ, ಒಟ್ಟು ಕರುಳು ಅಳೀತೀರಾ? ನನಗ ಎಷ್ಟು ಉಳೀತದ?" ಎಂದು ಕೇಳಿ. ಕೇಳಿದ್ದಕ್ಕೆ ಸಿಟ್ಟಿಗೇಳುವ ಡಾಕ್ಟರಾದರೆ ಬೇರೆಯವರನ್ನು ನೋಡಿ. ಉಳಿದ ತೊಡಕುಗಳು ಅವರ ಕೈಚಳಕಕ್ಕೆ ಬಿಟ್ಟದ್ದು. ಗಿಡ್ಡ ಮುಂಡದಲ್ಲಿ ಹೊಕ್ಕುಳಕ್ಕೂ ಎದೆಗೂಡಿಗೂ ನಡುವೆ ಜಾಗ ಕಡಿಮೆ, ಮೇಲೆ ಕೊಬ್ಬಿನಿಂದ ಉಬ್ಬಿದ ಪಿತ್ತಜನಕಾಂಗ ಜಠರವನ್ನು ಮುಚ್ಚಿಕೊಂಡಿರುತ್ತದೆ. ಅದನ್ನು ಕುಗ್ಗಿಸಲಿಕ್ಕೇ ಮೊದಲು ಒಂದೆರಡು ವಾರ ತೆಳು ಆಹಾರ ಕೊಡುತ್ತಾರೆ. ಆಗ ಕದ್ದು ತಿನ್ನಬಾರದು.

ನನ್ನ ಮಾವನ ಮಗಳು ಸ್ಲೀವ್ ಮಾಡಿಸಿಕೊಂಡಳು. ವರ್ಷ ಒಂದೂವರೆ ಕಳೆದ ಮೇಲೆ 78 ಇದ್ದದ್ದು 58ಕ್ಕೆ ನಿಂತಿತು. ಎರಡರಲ್ಲಿ ಒಂದು ಶುಗರ್ ಗುಳಿಗೆ ನಿಂತಿದೆ. ಆದರೆ ಓಣಿಯವರ ಮಾತೇ ಬೇರೆ: "ಅಷ್ಟ್ ರೊಕ್ಕ ಸುರುವಿ ಬರೇ 20 ಕೆಜಿ ಏನವ್ವ? ಯೂಟ್ಯೂಬಿನಾಗ 50–60 ಇಳಸ್ಕೊಂಡಾರ." ಆಕೆಯೂ ಕೆಲವು ದಿನ ಮಂಕಾಗಿದ್ದಳು. ಅವಳಿಗೆ ಇಳಿಸಬೇಕಾಗಿದ್ದ ಹೆಚ್ಚುವರಿ ತೂಕವೇ 25 ಕೆಜಿ. ಅದರಲ್ಲಿ 20 ಇಳಿಯಿತು. ಒಟ್ಟು ತೂಕದ ಕಾಲುಭಾಗ ಇಳಿದರೆ ಈ ಆಪರೇಷನ್ ಚೆನ್ನಾಗಿ ಫಲಿಸಿತು ಎನ್ನುತ್ತಾರೆ. 114 ಕೆಜಿಯ ಆ ಎತ್ತರದ ಗಂಡಸು ಅಷ್ಟೇ ಫಲ ಪಡೆಯಲು 29 ಕೆಜಿ ಇಳಿಸಬೇಕಿತ್ತು. ಕೆಜಿಯ ಹೋಲಿಕೆಯಲ್ಲಿ ಗಿಡ್ಡವರು ಯಾವಾಗಲೂ ಸೋತಂತೆಯೇ ಕಾಣುತ್ತಾರೆ. ಶೇಕಡಾ ಲೆಕ್ಕ ಕೇಳಿ, ಸಾಕು.

ತಾಟಿನ ವಿಷಯದಲ್ಲಿ ಮಾತ್ರ ಗಿಡ್ಡವರಿಗೆ ನಿಜವಾಗಿಯೂ ಅನ್ಯಾಯವಾಗಿದೆ, ಅದನ್ನು ಮುಚ್ಚಿಡುವುದು ಬೇಡ. ಸುಮ್ಮನೆ ಮಲಗಿದ್ದರೂ ದೇಹ ಸುಡುವ ಶಕ್ತಿಯನ್ನು ವಯಸ್ಸು, ತೂಕ, ಎತ್ತರದಿಂದ ಅಂದಾಜಿಸುವ ಸೂತ್ರವಿದೆ. 58ಕ್ಕೆ ಇಳಿದ ನಮ್ಮವಳಿಗೆ ಅದು ದಿನಕ್ಕೆ 1,125 ಕ್ಯಾಲರಿಯ ಹತ್ತಿರ. 85ಕ್ಕೆ ಇಳಿದ ಆ ಗಂಡಸಿಗೆ 1,750. ದಿನಕ್ಕೆ 5 ಸಲ, ಎರಡೆರಡು ಚಮಚ ಸಕ್ಕರೆಯ ಚಹಾ ಕುಡಿದರೆ ಸಕ್ಕರೆಯಿಂದಲೇ 200 ಕ್ಯಾಲರಿ. ಅವನ ಲೆಕ್ಕದಲ್ಲಿ ಅದು ಒಂಬತ್ತನೇ ಒಂದು ಪಾಲು, ಅವಳಲ್ಲಿ ಆರನೇ ಒಂದಕ್ಕಿಂತ ಹೆಚ್ಚು. ಚಹಾ, ಶರಬತ್ತು ಎಷ್ಟೇ ಸಣ್ಣ ಜಠರದಲ್ಲೂ ಸರಾಗವಾಗಿ ಇಳಿದುಹೋಗುತ್ತವೆ. ಆಪರೇಷನ್ ಆದವರ ತೂಕ ಎರಡು ವರ್ಷದ ನಂತರ ಮತ್ತೆ ಏರುವುದು ಬಹುಮಟ್ಟಿಗೆ ಇಂಥ ದಾರಿಗಳಿಂದಲೇ.

ಕಡಿಮೆ ಉಣ್ಣಬೇಕು, ಆದರೆ ಪ್ರೋಟೀನ್ ದಿನಕ್ಕೆ 60 ಗ್ರಾಂಗಿಂತ ಕೆಳಗೆ ಇಳಿಯಬಾರದು. ಒಂದು ಮೊಟ್ಟೆಯಲ್ಲಿ 6 ಗ್ರಾಂ, 100 ಗ್ರಾಂ ತೊಗರಿಬೇಳೆಯಲ್ಲಿ 22 ಗ್ರಾಂ. ತೊಗರಿಯ ನಾಡಿನವರು ನಾವು, ಆದರೂ ಬ್ಯಾಳಿಯನ್ನು ನೀರಾಗಿಸಿ ಅನ್ನದ ಮೇಲೆ ಸುರಿದುಕೊಳ್ಳುವುದೇ ರೂಢಿ. ಆಪರೇಷನ್ ಆದವರು ಕ್ರಮವನ್ನು ತಿರುವುಮುರುವು ಮಾಡಬೇಕು. ಗಟ್ಟಿ ಬ್ಯಾಳಿ, ಮೊಟ್ಟೆ, ಮೊಸರು, ಝುಣಕ ಮೊದಲು, ಪಲ್ಯ ಆಮೇಲೆ, ಜಾಗ ಉಳಿದರೆ ರೊಟ್ಟಿ. ನೀರು ಊಟದ ಜೊತೆಗಲ್ಲ, ಅರ್ಧ ಗಂಟೆ ಬಿಟ್ಟು. ಜಾತ್ರೆ, ಮದುವೆಗಳಲ್ಲಿ ಇದನ್ನು ಪಾಲಿಸುವುದು ಸಂಕಟವೇ. ಬೀಗರು ಕೈ ಹಿಡಿದು ಹೋಳಿಗಿ ಬಡಿಸುತ್ತಾರೆ. ನಮ್ಮವಳು "ಹೊಟ್ಟಿ ಆಪರೇಷನ್ ಆಗ್ಯದ" ಎಂದು ನೇರ ಹೇಳಿಬಿಡುತ್ತಾಳೆ. ಕೆಲವರು ಅದನ್ನು ಸಂತಾನಹರಣದ ಆಪರೇಷನ್ ಎಂದು ತಿಳಿದು ಸುಮ್ಮನಾಗುತ್ತಾರಂತೆ. ಇನ್ನೂ ಮಗು ಬೇಕೆನ್ನುವವರು ಮಾತ್ರ ಆಪರೇಷನ್ ಆದ ಮೇಲೆ ಒಂದರಿಂದ ಒಂದೂವರೆ ವರ್ಷ ಕಾಯಬೇಕು.

ಆಸ್ಪತ್ರೆ ಹೈದರಾಬಾದಿನಲ್ಲೋ ಸೊಲ್ಲಾಪುರದಲ್ಲೋ ಇದ್ದೀತು, ಬದುಕು ಇರುವುದು ಇಲ್ಲಿ. ಬಿ12, ಕಬ್ಬಿಣ, ಕ್ಯಾಲ್ಸಿಯಂ, ಡಿ ಜೀವಸತ್ವದ ಗುಳಿಗೆಗಳು ಜೀವನಪೂರ್ತಿ. ರಕ್ತ ಪರೀಕ್ಷೆ ಮೊದಲ ವರ್ಷ ಕೆಲವು ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ. ಇದನ್ನು ಯಾದಗಿರಿಯಲ್ಲೋ ಕಲಬುರಗಿಯಲ್ಲೋ ಮಾಡಿಸಿ ವರದಿ ಕಳಿಸಬಹುದು. ಆಪರೇಷನ್ ಆದ ಮೊದಲ ತಿಂಗಳುಗಳಲ್ಲಿ ವಾಂತಿ ನಿಲ್ಲದೆ ಹತ್ತಿದರೆ ಗ್ಯಾಸ್ ಎಂದು ಗುಳಿಗೆ ನುಂಗಿ ಕೂರಬೇಡಿ. ಬಿ1 ಜೀವಸತ್ವ ಕೆಲವೇ ವಾರಗಳಲ್ಲಿ ಬರಿದಾಗಿ ನರಗಳಿಗೆ ಪೆಟ್ಟು ಬೀಳುತ್ತದೆ. ಆ ಪೆಟ್ಟು ಕೆಲವೊಮ್ಮೆ ಮತ್ತೆ ಸರಿಹೋಗುವುದಿಲ್ಲ.

ಇನ್ನು ನೋವಿನ ಗುಳಿಗೆ. ಮೊಣಕಾಲು ನೋವಿಗೆ, ಸೊಂಟ ನೋವಿಗೆ ಮೆಡಿಕಲ್ ಅಂಗಡಿಯಲ್ಲಿ ಚೀಟಿ ಇಲ್ಲದೆಯೇ ಡೈಕ್ಲೊಫೆನಾಕ್ ಕೊಡುತ್ತಾರೆ, ಕಳೆ ತೆಗೆಯಲು ಹೋಗುವವರ ಸೆರಗಿನ ಗಂಟಿನಲ್ಲಿ ಅದು ಇದ್ದೇ ಇರುತ್ತದೆ. ಬೈಪಾಸ್ ಆದವರಿಗೆ ಅದರಿಂದ ಕರುಳು ಜೋಡಿಸಿದ ಜಾಗದಲ್ಲೇ ಹುಣ್ಣಾಗುತ್ತದೆ, ಹುಣ್ಣು ತೂತಾಗಲೂಬಹುದು. ಬೀಡಿ, ಸಿಗರೇಟಿನಿಂದಲೂ ಅಷ್ಟೇ. ಸ್ಲೀವ್ ಆದವರೂ ವೈದ್ಯರನ್ನು ಕೇಳದೆ ನುಂಗುವುದು ಬೇಡ. ನೋವಿಗೆ ಪ್ಯಾರಾಸಿಟಮಾಲ್ ಇದೆ. ಯಾವ ಆಪರೇಷನ್ ಆಗಿದೆ, ಯಾವ ದಿನ ಆಗಿದೆ, ಯಾವ ಗುಳಿಗೆ ಕೊಡಬಾರದು ಎಂಬುದನ್ನು ಒಂದು ಚೀಟಿಯಲ್ಲಿ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆಸಿಕೊಂಡು ಬನ್ನಿ, ಆಧಾರ್ ಕಾರ್ಡಿನ ಜೊತೆ ಇಟ್ಟುಕೊಳ್ಳಿ. ರಾತ್ರಿ ಹೊಟ್ಟೆನೋವೆಂದು ತಾಲ್ಲೂಕು ಆಸ್ಪತ್ರೆಗೆ ಹೋದಾಗ ಡ್ಯೂಟಿ ಡಾಕ್ಟರಿಗೆ ಮೊದಲು ಆ ಚೀಟಿ ತೋರಿಸಿ, ಆಮೇಲೆ ನೋವು ಎಲ್ಲಿದೆ ಎಂದು ಹೇಳಿ.